ಲವಣ ಸರೋವರದ ನಗರದಲ್ಲಿ

ಕಳೆದ ವರ್ಷ ಅಮೆರಿಕೆಯ ಯೂಟಾ ಪ್ರಾಂತದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ತಂಗಿದ್ದೆನು. ಊರಿನ ಹೆಸರು ಸಾಲ್ಟ್ ಲೇಕ್ ಸಿಟಿ. ಎಂದರೆ ಲವಣ ಸರೋವರದ ನಗರ. ಪೂರ್ವಕ್ಕೆ ವಾಸ್ಯಾಚ್ ಎಂಬ ಪರ್ವತಶ್ರೇಣಿ. ವಾಯವ್ಯಕ್ಕೆ ಕಡಲಿಗಿಂತಲೂ ಉಪ್ಪಾದ ಮಹಾಸರೋವರ. 1847ರ ಜುಲೈ 24ರಂದು ಬ್ರಿಗಮ್ ಯಂಗ್ ಎಂಬ ನಾಯಕನು ಮಾರ್ಮನ್ ಮತಸ್ಥರನ್ನು ಬಂಡಿಗಳಲ್ಲಿ ಕರೆತಂದು ಈ ಬೆಂಗಾಡಿನಲ್ಲಿ ನೆಲೆಗೊಳಿಸಿದನು. ಅವರು ಅಳೆದು ಹಾಕಿದ ಬೀದಿಗಳ ಅಗಲ 132 ಅಡಿ. ಊರ ನಡುವಣ ದೇವಾಲಯವನ್ನು ಕಟ್ಟಲು 1853ರಿಂದ 1893ರವರೆಗೆ 40 ವರ್ಷ ಹಿಡಿಯಿತು.

ಮಾರ್ಮನ್ನರೆಂದೊಡನೆ ನಮ್ಮವರಿಗೆ ಬಹುಪತ್ನೀತ್ವವೇ ನೆನಪಿಗೆ ಬರುವುದು. ಆ ಪದ್ಧತಿಯನ್ನು ಬಿಡುವುದಾಗಿ ಅವರ ಧರ್ಮಸಂಸ್ಥೆಯು 1890ರಲ್ಲಿಯೇ ಸಾರಿತು. ಈಗ ಹಾಗೆ ನಡೆದವರನ್ನು ಬಹಿಷ್ಕರಿಸುವುದು. ಮಗಳ ಪಕ್ಕದ ಮನೆಯವರು ಈ ಮತದವರೇ. ಗಂಡ, ಹೆಂಡತಿ; ಹನ್ನೆರಡು, ಎಂಟು, ನಾಲ್ಕು ವಯಸ್ಸಿನ ಮೂವರು ಹೆಣ್ಣುಮಕ್ಕಳು. ಇಂಥ ಸಾಧು ಸಂಸಾರವನ್ನು ನಾನು ಕಂಡದ್ದು ಅಪರೂಪ.

ಕಾಫಿ, ಚಹ, ಮದ್ಯ, ಹೊಗೆಸೊಪ್ಪು ಇವು ನಾಲ್ಕೂ ಅವರಿಗೆ ನಿಷಿದ್ಧ. ನಾನೋ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯದೆ ದಿನವನ್ನೇ ಆರಂಭಿಸದ ಪ್ರಾಣಿ. ಒಂದು ಬೆಳಗ್ಗೆ ಅವರ ಕಿರಿಯ ಮಗು ಜಗುಲಿಗೆ ಬಂದಿತು. ನನ್ನ ಲೋಟದ ಬಳಿ ಮೂಗು ಚಾಚಿ, ಕಣ್ಣುಮುಚ್ಚಿ, ದೀರ್ಘವಾಗಿ ಆಘ್ರಾಣಿಸಿ, ನನ್ನ ಮೊಮ್ಮಗಳಿಂದ ಕಲಿತ ಸಂಬೋಧನೆಯನ್ನೇ ಬಳಸಿ, "ತಾತ, ಮೂಸಿದರೂ ಪಾಪವೇ?" ಎಂದು ಕೇಳಿತು. ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಈ ಧರ್ಮಸೂಕ್ಷ್ಮಕ್ಕೆ ಉತ್ತರ ಹೊಳೆಯಲಿಲ್ಲ. ಬೇಲಿಯ ಆಚೆಯಿಂದ ಅದರ ತಾಯಿಯೇ, "ಒಂದು ಸಲ ಮೂಸಿದ್ದು ಸಾಕು, ಬಾ" ಎಂದು ನಕ್ಕಳು.

ಅವರಲ್ಲಿ ಹಸುಗೂಸುಗಳಿಗೆ ಜಲದೀಕ್ಷೆಯಿಲ್ಲ. ಎಂಟು ತುಂಬಿದ ಮೇಲೆಯೇ. ನಮ್ಮ ವಟುವಿಗೆ ಉಪನಯನ ವಿಧಿಸಿರುವುದೂ ಎಂಟನೆಯ ವರ್ಷದಲ್ಲಿಯೇ ಅಷ್ಟೆ. ಆದರೆ ಅವರ ದೀಕ್ಷೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. ನಡುವಿನ ಮಗಳ ದೀಕ್ಷೆಗೆ ನಮ್ಮನ್ನೂ ಕರೆದಿದ್ದರು. ತಂದೆ ಮಗಳಿಬ್ಬರೂ ಶ್ವೇತವಸ್ತ್ರವನ್ನುಟ್ಟು ಕೊಳಕ್ಕಿಳಿದರು. ಅಂಗಾಂಗವೆಲ್ಲವೂ ಮುಳುಗಬೇಕೆಂದು ನಿಯಮ. ಅದನ್ನು ನೋಡಲು ಇಬ್ಬರು ಸಾಕ್ಷಿಗಳು. 2019ರಿಂದ ಸ್ತ್ರೀಯರಿಗೂ ಸಾಕ್ಷಿಗಳಾಗಲು ಅನುಮತಿಯಾಗಿರುವುದರಿಂದ ತಾಯಿಯೇ ಒಂದು ಕಡೆ ನಿಂತಿದ್ದಳು. ಮಗು ಮುಳುಗಿತು, ಕಾಲಿನ ಹೆಬ್ಬೆರಳು ಮಾತ್ರ ಮೇಲೆದ್ದಿತು. ತಾಯಿ ದಾಕ್ಷಿಣ್ಯವಿಲ್ಲದೆ ತಲೆಯಾಡಿಸಿದಳು. ಮತ್ತೊಮ್ಮೆ ಮುಳುಗಿಸಿದ್ದಾಯಿತು. ಹುಡುಗಿ ನೀರು ಸುರಿಸುತ್ತ ಹೊರಬಂದು, "ನನ್ನದು ಎರಡು ಸಲ ಆಯಿತು!" ಎಂದು ಅಕ್ಕನೆದುರು ಬೀಗಿದಳು. ತಂದೆಯು ಮುಖದ ನೀರನ್ನು ಬಹಳ ಹೊತ್ತು ಒರಸಿಕೊಂಡನು. ಅದೆಲ್ಲವೂ ಕೊಳದ ನೀರೇ ಆಗಿತ್ತೆಂದು ನಾನು ಹೇಳಲಾರೆ.

ಸೋಮವಾರದ ಸಂಜೆ ಈ ಮತದವರು ಮನೆಮಂದಿಯೊಡನೆಯೇ ಕಳೆಯುವರು. 1915ರಲ್ಲಿ ಮೊದಲಾದ ಪದ್ಧತಿಯಿದು. ಒಂದು ಕೀರ್ತನೆ, ಕೊಂಚ ಧರ್ಮಬೋಧೆ, ಆಟ, ಕೊನೆಗೆ ಸಿಹಿತಿಂಡಿ. ಅಂಥದೊಂದು ಸಂಜೆ ನಾವೂ ಹೋಗಿದ್ದೆವು. ಬೋಧೆಯ ನಡುವೆ ಹಿರಿಯವಳು ತಂದೆಯನ್ನು ಕೇಳಿದಳು: "ಭಾನುವಾರ ಪ್ರಸಾದದ ತಟ್ಟೆಯನ್ನು ನನ್ನ ತರಗತಿಯ ಹುಡುಗರು ಹಿಡಿದು ಬರುತ್ತಾರೆ. ಅವರಲ್ಲೊಬ್ಬನು ರೊಟ್ಟಿಯ ತುಂಡುಗಳನ್ನು ಚೆಲ್ಲುತ್ತಾನೆ. ನಾನಾದರೆ ಚೆಲ್ಲುವುದಿಲ್ಲ. ನಾನೇಕೆ ಹಿಡಿಯಬಾರದು?"

ಆ ಮತದಲ್ಲಿ ಪೌರೋಹಿತ್ಯದ ಅಧಿಕಾರ ಪುರುಷರಿಗೆ ಮಾತ್ರ. ತಂದೆಯು ಗದರಿಸಲಿಲ್ಲ, ಶಾಸ್ತ್ರವನ್ನೂ ಮುಂದೊಡ್ಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಏಕೆಂದು ನನಗೆ ತಿಳಿಯದು, ಮಗು. ಆದರೆ ನೀನು ಕೇಳಿದುದು ತಪ್ಪಲ್ಲ" ಎಂದನು. ಆಗ ಕಿರಿಯದು ಎದ್ದು, ಸಿಹಿತಿಂಡಿಯ ತಟ್ಟೆಯನ್ನು ತಂದು, ಅಕ್ಕನ ಕೈಗೆ ಕೊಟ್ಟಿತು. ಅವಳು ಅದನ್ನು ಹಿಡಿದು ನಮ್ಮೆಲ್ಲರ ಮುಂದೆ ಗಂಭೀರವಾಗಿ ನಡೆದಳು. ಒಂದು ಚೂರೂ ಚೆಲ್ಲಲಿಲ್ಲ.

ನಾನು ತಲೆಯೆತ್ತಿದಾಗ ನನ್ನ ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ತಮ್ಮನಿಗೆ ಉಪನಯನವಾಯಿತು. ನಾನು ಅವನಿಗೆ ಸ್ವರ ಹಾಕಿ ಪುರುಷಸೂಕ್ತವನ್ನು ಹೇಳಿಕೊಡುತ್ತಿದ್ದಾಗ ಅವಳು ಕಂಬದ ಮರೆಯಲ್ಲಿ ಕುಳಿತು, ಅವನಿಗಿಂತ ಮೊದಲೇ ಕಲಿತು, "ಅಣ್ಣ, ನನಗೂ ಹೇಳಿಕೊಡಿ" ಎಂದಿದ್ದಳು. "ಹುಡುಗಿಯರಿಗೆ ಅದು ಸಲ್ಲದು, ಒಳಗೆ ಹೋಗು" ಎಂದಿದ್ದೆನು. ಅವಳು ಮತ್ತೆಂದೂ ಕೇಳಲಿಲ್ಲ. ಮಗು ವಿಧೇಯಳೆಂದು ನಾನು ಹಿಗ್ಗಿದ್ದೆನು!

ಮರುದಿನ ಬೆಳಗ್ಗೆ ಕಾಫಿ ತಂದುಕೊಟ್ಟವಳನ್ನು, "ಕೂತುಕೋ ತಾಯಿ, ಅಂದು ಬಿಟ್ಟುಹೋದ ಪಾಠವನ್ನು ಹೇಳಿಕೊಡುತ್ತೇನೆ" ಎಂದೆನು. ಅವಳು ಸೆರಗಿಲ್ಲದ ಆ ದೇಶದ ಉಡುಪಿನ ತೋಳಿನಿಂದ ಕಣ್ಣೊರಸಿಕೊಂಡು ನಕ್ಕು, "ನನಗೆ ಇನ್ನೂ ಬಾಯಿಗೆ ಬರುತ್ತದೆ, ಅಣ್ಣ. ನಿಮ್ಮ ಮೊಮ್ಮಗಳಿಗೆ ಹೇಳಿಕೊಡಿ" ಎಂದಳು.

ಆ ಪಾಠವು ಈಗ ಪ್ರತಿ ಭಾನುವಾರ ದೂರವಾಣಿಯ ಮೂಲಕ ನಡೆಯುತ್ತಿರುವುದು. ನಾನು ತಪ್ಪಿದ ಕಡೆ ತಿದ್ದುವವಳು ಅವಳ ತಾಯಿ.