ಎಲ್ಲರಿಗೂ ಆಗುವುದೇ

ನಮ್ಮ ಮೂಡಲಪಾಳ್ಯ ಇರುವುದು ಬೆಂಗಳೂರಿನ ಮೂಡಲಲ್ಲಲ್ಲ, ಪಡುವಲಲ್ಲಿ. ಹೆಸರನ್ನು ನಂಬಿ ದಿಕ್ಕು ಹಿಡಿದವನು ಕೆಟ್ಟ. ಬಸುರಿಯರ ‘ಬೆಳಗಿನ ವಾಂತಿ’ಯ ಹೆಸರೂ ಇಂಥದೇ. ಬೆಳಿಗ್ಗೆ ಬಂದು ಮುಖ ತೋರಿಸಿ ಹೋಗುವ ನೆಂಟನೇನು ಅದು? ಮಧ್ಯಾಹ್ನ ಊಟದ ಹೊತ್ತಿಗೂ ಇರುತ್ತದೆ, ರಾತ್ರಿ ಹಾಸಿಗೆಯನ್ನೂ ಕೇಳುತ್ತದೆ.

1991ರಲ್ಲಿ ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ನಾವು ಇಲ್ಲಿಯೇ ಒಂದು ಮಹಡಿಯ ಮೇಲೆ ಬಾಡಿಗೆಗಿದ್ದೆವು. ಕೆಳಗಿನ ಮನೆಯವರು ಇಂಗಿನ ಒಗ್ಗರಣೆ ಹಾಕಿದರೆಂದರೆ ನಾನು ಬಚ್ಚಲಿಗೆ ಓಡಬೇಕು. ಪ್ರಾಣಕ್ಕೆ ಪ್ರಾಣವಾಗಿದ್ದ ಕಾಫಿಯ ವಾಸನೆಯೇ ಶತ್ರುವಾಯಿತು. ನಮ್ಮಮ್ಮ, “ಎಲ್ಲರಿಗೂ ಆಗುವುದೇ, ಸಹಿಸಿಕೋ” ಎಂದು, ಏಳುವ ಮೊದಲೇ ಮಲಗಿದಲ್ಲಿಗೆ ಒಂದು ಹಿಡಿ ಅರಳು, ಬಾಯಿಗೆ ಒಂದು ಚೂರು ನೆಲ್ಲಿಚಟ್ಟು ಕೊಡುತ್ತಿದ್ದಳು. ನಾಲ್ಕನೆಯ ತಿಂಗಳಿಗೆ ಎಲ್ಲ ತಾನಾಗಿ ಹೋಯಿತು. ಅಲ್ಲಿಂದ ನಾನು ಈ ವಿಷಯದಲ್ಲಿ ಪಂಡಿತಳಾದೆ.

ಹೋದ ವರ್ಷ ಅದೇ ಮಗಳು ಒಂಬತ್ತು ವಾರದ ಬಸುರಿಯಾಗಿ ಮನೆಗೆ ಬಂದಳು. ಅರಳನ್ನೂ ಅಮ್ಮನ ಮಾತನ್ನೂ ಒಟ್ಟಿಗೆ ಕೊಟ್ಟೆ. ಅರಳು ನಿಲ್ಲಲಿಲ್ಲ, ಮಾತು ಮಾತ್ರ ನಿಂತಿತು. ಎರಡು ದಿನದ ಮೇಲೆ ಅವಳು ನನ್ನೊಡನೆ ಏನನ್ನೂ ಹೇಳುವುದನ್ನು ಬಿಟ್ಟಳು. ‘ಕಡಿಮೆಯಾಗಿರಬೇಕು’ ಎಂದುಕೊಂಡೆ. ಬಚ್ಚಲಿನಲ್ಲಿ ನಲ್ಲಿ ಇಷ್ಟು ಹೊತ್ತು ಏಕೆ ಸುರಿಯುತ್ತದೆ, ನೀರೆಲ್ಲ ವ್ಯರ್ಥ ಎಂದು ಗೊಣಗಿದ್ದೂ ಉಂಟು. ಸದ್ದು ನನಗೆ ಕೇಳಿಸಬಾರದೆಂದು ಅವಳು ನಲ್ಲಿ ತಿರುಗಿಸುತ್ತಿದ್ದಳೆಂಬುದು ಆಮೇಲೆ ತಿಳಿಯಿತು.

ಒಂದು ಶನಿವಾರ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ತುಟಿ ಒಡೆದಿತ್ತು. ಆಟೋ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋದೆವು. “ಮೂತ್ರ ಹೋಗಿ ಎಷ್ಟು ಹೊತ್ತಾಯಿತು?” ಎಂದು ವೈದ್ಯೆ ನನ್ನನ್ನು ಕೇಳಿದರು. ಅವಳು ತಟ್ಟೆಯಲ್ಲಿ ಎಷ್ಟು ಇಡ್ಲಿ ಬಿಟ್ಟಳೆಂಬ ಲೆಕ್ಕ ನನ್ನಲ್ಲಿತ್ತು, ಇದು ಇರಲಿಲ್ಲ. ಹಿಂದಿನ ರಾತ್ರಿಯಿಂದ ಹೋಗಿರಲಿಲ್ಲವಂತೆ. 54 ಕೆ.ಜಿ. ಇದ್ದವಳು 49ಕ್ಕೆ ಇಳಿದಿದ್ದಳು. ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ, ತೂಕ ಇಳಿದರೆ ಅದು ಸಹಿಸುವ ವಾಂತಿಯಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ ಎಂದು ಹೇಳಿ ಡ್ರಿಪ್ ಹಾಕಿದರು.

ಮಾತ್ರೆ ಎಂದಾಗ ನಾನು ಬೆಚ್ಚಿದೆ. ಕಾರಣವಿಲ್ಲದೆ ಅಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೊಮೈಡನ್ನು ಬಸುರಿಯರ ವಾಂತಿಗೂ ಕೊಟ್ಟರು. 1961ರಲ್ಲಿ ಅದನ್ನು ಹಿಂತೆಗೆಯುವ ಹೊತ್ತಿಗೆ ಹಲವು ದೇಶಗಳಲ್ಲಿ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದರು. ವೈದ್ಯೆ ನಗಲಿಲ್ಲ. ತಾವು ಕೊಡುವುದು ಬಿ6 ಜೀವಸತ್ವ ಮತ್ತು ಡಾಕ್ಸಿಲಮಿನ್, ದಶಕಗಳಿಂದ ಬಳಕೆಯಲ್ಲಿದ್ದು ಚೆನ್ನಾಗಿ ಪರೀಕ್ಷೆಯಾದದ್ದು ಎಂದರು. 

“ಮನಸ್ಸು ಗಟ್ಟಿ ಮಾಡಿಕೊಂಡರೆ ಹೋಗುವುದಿಲ್ಲವೆ?” ಎಂದು, ನಾಚಿಕೆಯಿಲ್ಲದೆ, ಕೇಳಿಯೇ ಬಿಟ್ಟೆ. ಮನಸ್ಸಿನದಲ್ಲ, ರಕ್ತದ್ದು ಎಂದರು. ಕೂಸೂ ಅದರ ಮಾಸೂ ಜಿ.ಡಿ.ಎಫ್. 15 ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಅದು ಮಿದುಳಿನ ಬುಡದಲ್ಲಿ ಓಕರಿಕೆಯನ್ನು ಎಬ್ಬಿಸುತ್ತದೆ. ಮೊದಲಿನಿಂದಲೂ ಅದರ ಅಭ್ಯಾಸ ಕಡಿಮೆಯಿದ್ದ ಮೈಗೆ ಪೆಟ್ಟು ಜೋರು. 2023ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತಂತೆ. ನಮ್ಮ ಬಯಕೆಯ ಹಾಡುಗಳು ತಿಂಗಳಿಗೊಂದು ತಿಂಡಿಯ ಹೆಸರು ಹೇಳುತ್ತವೆ. ತಿಂದದ್ದು ನಿಲ್ಲದವಳನ್ನು ಕುರಿತ ಹಾಡನ್ನು ಮಾತ್ರ ನಾನು ಕೇಳಿಲ್ಲ.

ರಾತ್ರಿ ಡ್ರಿಪ್ಪಿನ ಹನಿ ಎಣಿಸುತ್ತ ಕುಳಿತಿದ್ದಾಗ ಮಗಳು ಕಣ್ಣು ತೆರೆದು, “‘ಜೇನ್ ಐರ್’ ಬರೆದ ಷಾರ್ಲೆಟ್ ಬ್ರಾಂಟೆ 1855ರಲ್ಲಿ ಬಸುರಿಯಾಗಿದ್ದಾಗಲೇ ಸತ್ತಳಂತೆ, ಇದೇ ಇರಬೇಕು ಎನ್ನುತ್ತಾರೆ” ಎಂದಳು. “ನನಗೆ ಯಾಕೆ ಹೇಳಲಿಲ್ಲ?” ಎಂದೆ. ಬ್ರಾಂಟೆಯ ವಿಷಯವನ್ನಲ್ಲ ನಾನು ಕೇಳಿದ್ದು. ಅವಳಿಗೂ ಅದು ತಿಳಿಯಿತು.

“ಎಲ್ಲರಿಗೂ ಆಗುವುದೇ ಅಂದೆಯಲ್ಲಮ್ಮ. ನನಗೆ ಮಾತ್ರ ತಡೆಯಲಾಗದಿದ್ದರೆ ತಪ್ಪು ನನ್ನದೇ ಅನ್ನಿಸಿತು.”

ಮೂರನೆಯ ದಿನ ಮನೆಗೆ ಬಂದೆವು. ಮಾತ್ರೆಯಿಂದ ವಾಂತಿ ಪೂರ್ತಿ ನಿಲ್ಲಲಿಲ್ಲ, ಎಂಟು ಸಲದ್ದು ಎರಡಕ್ಕೆ ಇಳಿಯಿತು. ನಾನು ಇಂಗಿನ ಡಬ್ಬಿಯನ್ನು ಪಕ್ಕದ ಮನೆಗೆ ಕಳಿಸಿದೆ. ಅವಳು ಬಚ್ಚಲಿನ ಬಾಗಿಲು ಹಾಕಿಕೊಳ್ಳುವುದನ್ನು ಬಿಟ್ಟಳು; ನಾನು ಹಣೆ ಹಿಡಿದುಕೊಳ್ಳುತ್ತಿದ್ದೆ. ನಲ್ಲಿ ತಿರುಗಿಸುತ್ತಿರಲಿಲ್ಲ.