ಬಿಳಿ ಗರಿಯ ಪಿಕಳಾರ

ನಿಮ್ಮ ಹಿತ್ತಿಲಿಗೆ ದಿನವೂ ಬರುವ ಹಕ್ಕಿಗಳನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಅಡುಗೆಮನೆಯ ಕಿಟಕಿಯ ಬಳಿ ದಿನದ ಅರ್ಧ ಕಳೆಯುವ ನಮಗೆ ಇದಕ್ಕಿಂತ ಸುಲಭದ ಹವ್ಯಾಸ ಇನ್ನೊಂದಿಲ್ಲ. ಕಕ್ಕಬೆಯ ನಮ್ಮ ಮನೆಯ ಹಿಂದೆ ಪೇರಳೆ ಮರಕ್ಕೆ ಒಂದು ತೆಂಗಿನ ಚಿಪ್ಪು ತೂಗುಹಾಕಿದ್ದೇವೆ. ಅದರಲ್ಲಿ ಕಳಿತ ಬಾಳೆಹಣ್ಣು, ಪಕ್ಕದಲ್ಲಿ ಮಣ್ಣಿನ ಬಟ್ಟಲಲ್ಲಿ ನೀರು, ಅಷ್ಟೇ. ಮಳೆಗಾಲದಲ್ಲಿ ತಡಿಯಂಡಮೋಳ್ ಬೆಟ್ಟ ಮಂಜಿನಲ್ಲಿ ದಿನಗಟ್ಟಲೆ ಕಾಣದಿದ್ದರೂ ಪಿಕಳಾರಗಳು ಮಾತ್ರ ತಪ್ಪದೆ ಹಾಜರು.

ಹಣ್ಣಿಡುವ ಕೆಲಸ ನನ್ನ ಅಕ್ಕನ ಮಗಳದ್ದು. ಪಿಯುಸಿ ಓದಲು ನಮ್ಮಲ್ಲಿದ್ದಾಳೆ. ಎರಡು ವರ್ಷದಿಂದ ಅವಳ ಕೈಬೆರಳುಗಳಲ್ಲಿ, ತುಟಿಯ ಅಂಚಿನಲ್ಲಿ ಬಿಳಿ ಮಚ್ಚೆ ಮೂಡಿದೆ. ನೆಂಟರ ಮನೆಯ ಮದುವೆಗೆ ಕರೆದರೆ ಈಗ ಏನಾದರೊಂದು ನೆವ ಹೇಳುತ್ತಾಳೆ.

ಕಳೆದ ಬೇಸಿಗೆಯಲ್ಲಿ ಒಂದು ವಿಚಿತ್ರ ಪಿಕಳಾರ ಬಂತು. ಕರಿಜುಟ್ಟು, ಕೆನ್ನೆಯ ಕೆಂಪು, ಬಾಲದಡಿಯ ಕೆಂಪು ಎಲ್ಲವೂ ಸರಿಯಾಗಿದ್ದವು. ಆದರೆ ರೆಕ್ಕೆ ಮತ್ತು ಬೆನ್ನಿನಲ್ಲಿ ಅಲ್ಲಲ್ಲಿ ಅಚ್ಚ ಬಿಳಿ ಗರಿಗಳು. ಹಾಲು ಕೊಡಲು ಬಂದ ನೆರೆಮನೆಯಾಕೆ ನೋಡಿ, "ಅಯ್ಯೋ, ಹಕ್ಕಿಗೂ ತೊನ್ನು ಹಿಡಿದಿದೆ!" ಎಂದುಬಿಟ್ಟರು. ಹುಡುಗಿ ಚಿಪ್ಪನ್ನು ಹಾಗೇ ಬಿಟ್ಟು ಒಳಗೆ ಹೋದಳು. ಮರುದಿನ ಹಣ್ಣಿಟ್ಟವಳು ನಾನು.

ಸಂಜೆ ಅವಳನ್ನು ಕೂರಿಸಿಕೊಂಡು, "ಇದು ನಿಜಕ್ಕೂ ಏನೆಂದು ನೋಡೋಣ" ಎಂದೆ. ಬಣ್ಣ ಬೇರೆ ಕಂಡ ಕೂಡಲೇ ಬೇರೆ ಜಾತಿ ಎಂದೋ ರೋಗ ಎಂದೋ ತೀರ್ಮಾನಿಸುವಂತಿಲ್ಲ. ಪಿಕಳಾರದ ಮರಿಗಳಿಗೆ ಕೆನ್ನೆಯ ಕೆಂಪು ಇರುವುದಿಲ್ಲ. ಮಡಿವಾಳ ಹಕ್ಕಿಯ ಗಂಡು ಕಪ್ಪು-ಬಿಳುಪು, ಹೆಣ್ಣು ಬೂದು. ನೇರಳೆ ಸೂರಕ್ಕಿಯ ಗಂಡು ಮರಿ ಮಾಡುವ ಕಾಲ ಮುಗಿದ ಮೇಲೆ ಹೊಳಪು ಕಳೆದುಕೊಂಡು ಹೆಣ್ಣಿನಂತಾಗುತ್ತದೆ, ಗಂಟಲಿನಿಂದ ಕೆಳಗೆ ಒಂದು ಕಪ್ಪು ಗೀಟು ಮಾತ್ರ ಉಳಿಯುತ್ತದೆ. ಬಾಲದಂಡೆ ಹಕ್ಕಿಯ ಗಂಡಂತೂ ಕಂದುಗೆಂಪಾಗಿಯೂ ಇರಬಹುದು, ಬಿಳಿಯಾಗಿಯೂ ಇರಬಹುದು.

ಇವ್ಯಾವುದೂ ನಮ್ಮ ಹಕ್ಕಿಗೆ ಹೊಂದಲಿಲ್ಲ. ಉಳಿದದ್ದು ಮೆಲನಿನ್ ಕೊರತೆ. ಗರಿಗೆ ಕಪ್ಪು, ಕಂದು ಬಣ್ಣ ಕೊಡುವುದು ಮೆಲನಿನ್. ನಮ್ಮ ಚರ್ಮಕ್ಕೆ ಬಣ್ಣ ಕೊಡುವುದೂ ಅದೇ. ಪೂರ್ತಿ ಬಿಳಿಯಾಗಿ ಕಣ್ಣೂ ಕೆಂಪಾಗಿದ್ದರೆ ಆಲ್ಬಿನೊ. ಕಣ್ಣು ಕಪ್ಪಾಗಿದ್ದು ಕೆಲವು ಗರಿ ಮಾತ್ರ ಬಿಳಿಯಾಗಿದ್ದರೆ ಕಾರಣ ಹಲವು: ಹುಟ್ಟಿನಿಂದಲೇ ಆ ಭಾಗಕ್ಕೆ ಬಣ್ಣದ ಕೋಶಗಳಿಲ್ಲದಿರುವುದು, ವಯಸ್ಸಾದಂತೆ ಬಿಳಿ ಹೆಚ್ಚುವುದು, ಕೆಲವೊಮ್ಮೆ ಆಹಾರದ ಕೊರತೆ. ಕೆಂಪು, ಹಳದಿಗಳು ಹಲವು ಹಕ್ಕಿಗಳಲ್ಲಿ ಆಹಾರದಿಂದ ಬರುವ ಬೇರೆಯೇ ವರ್ಣದ್ರವ್ಯ. ಅದಕ್ಕೇ ಬಿಳಿ ಹಕ್ಕಿಯಲ್ಲೂ ಕೆಂಪು ಉಳಿಯಬಹುದು. ಇದು ಒಂದರಿಂದ ಇನ್ನೊಂದಕ್ಕೆ ಹರಡುವುದಿಲ್ಲ.

ಗುಬ್ಬಚ್ಚಿಯ ಗಂಟಲಲ್ಲಿ ಹಳದಿ ಮಚ್ಚೆ ಕಂಡು ಬೆರಗಾದ ಮುಂಬಯಿಯ ಒಬ್ಬ ಅನಾಥ ಹುಡುಗ ಅದನ್ನು ಹಿಡಿದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋಗಿದ್ದ. ಕಾರ್ಯದರ್ಶಿ ಮಿಲ್ಲಾರ್ಡ್ ಅದರ ಜಾತಿ ಗುರುತಿಸಿ ಹೇಳಿದರು. ಆ ಹುಡುಗನೇ ಮುಂದೆ ಪಕ್ಷಿತಜ್ಞ ಸಲೀಂ ಅಲಿ (1896-1987). 1985ರಲ್ಲಿ ಬಂದ ಅವರ ಆತ್ಮಕಥೆಯ ಹೆಸರಲ್ಲೂ ಗುಬ್ಬಚ್ಚಿಯಿದೆ. ಆ ಕುಟುಂಬದಲ್ಲಿ ಯಾರೂ "ಅದೇನು ಮಹಾ" ಎಂದು ಗದರಿಸಲಿಲ್ಲವಲ್ಲ!

ಹುಡುಗಿ ಎಲ್ಲ ಕೇಳಿ, "ಹಾಗಾದರೆ ನನ್ನದು, ಎಳೇಮಾ?" ಎಂದಳು. ತೊನ್ನಿನಲ್ಲಿ ಚರ್ಮದ ಬಣ್ಣದ ಕೋಶಗಳೇ ನಾಶವಾಗುತ್ತವೆ. ಅದೂ ಅಂಟುವುದಿಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವಿಲ್ಲ. ಮೀನು ತಿಂದ ಮೇಲೆ ಹಾಲು ಕುಡಿದರೆ ಬರುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಇನ್ನೂ ಸಾಯದ ಸುಳ್ಳು. ಚರ್ಮದ ವೈದ್ಯರಲ್ಲಿ ಚಿಕಿತ್ಸೆಯೂ ಇದೆ. ಇದಿಷ್ಟನ್ನೂ ಅವಳಿಗೆ ಹೇಳಿದೆ. ನೆರೆಮನೆಯಾಕೆಗೂ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ.

ಅವಳು ಆ ಹಕ್ಕಿಗೊಂದು ನೋಟ್‌ಬುಕ್ ಇಟ್ಟಳು. ಗರಿ ಉದುರಿ ಹೊಸದು ಬಂದಾಗ ಬಿಳಿ ಹೆಚ್ಚಿದೆಯೇ, ಅಲ್ಲೇ ನಿಂತಿದೆಯೇ ಎಂದು ನೋಡಿದರೆ ಕಾರಣದ ಸುಳಿವು ಸಿಗುತ್ತದೆ. ಮಳೆ ನಿಂತ ಮೇಲೆ ಪಿಕಳಾರ ಮತ್ತೆ ಬಂತು, ಜೊತೆಗೆ ಮಾಮೂಲು ಬಣ್ಣದ ಇನ್ನೊಂದು. ಎಡರೆಕ್ಕೆಯಲ್ಲಿ ಎರಡು ಬಿಳಿ ಗರಿ ಹೆಚ್ಚಾಗಿವೆ ಎಂದು ಅವಳು ಬರೆದಿದ್ದಾಳೆ. ನನಗೆ ಒಂದೇ ಕಂಡಿತು.