ಉಗ್ರಾಣಕ್ಕೆ ಬಾಗಿಲು ಎಷ್ಟು?

ಉಗ್ರಾಣ ಎಂದೊಡನೆ ನೆನಪಾಗುವುದು ಮದುವೆ ಮನೆ. ಅಕ್ಕಿ ಮೂಟೆ, ಬೆಲ್ಲ, ತುಪ್ಪದ ಡಬ್ಬ, ಬಾಳೆ ಎಲೆಯ ಕಟ್ಟು ಎಲ್ಲವೂ ಒಂದೇ ಕೋಣೆಯಲ್ಲಿ. ಅದರ ಬೀಗದ ಕೈ ಮಾತ್ರ ನಂಬಿಕಸ್ಥ ಸೋದರಮಾವನೊಬ್ಬನ ಸೊಂಟದಲ್ಲಿ. ಅಡುಗೆ ಭಟ್ಟರು ಎಷ್ಟೇ ಅವಸರ ಮಾಡಲಿ, ಆತ ಬಾರದೆ ತುಪ್ಪ ಹೊರಬೀಳದು. ಮದುವೆ ಮುಗಿದ ಮೇಲೆ ಏನು ಉಳಿಯಿತು, ಏನು ಹೋಯಿತು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವನೂ ಆತನೇ.

ಇಂದಿನ ಕಂಪನಿಗಳಿಗೂ ಇಂಥದೇ ಉಗ್ರಾಣಗಳಿವೆ. ಅಲ್ಲಿ ತುಂಬಿರುವುದು ಮಾಹಿತಿ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿದ್ದರೆ ಮಾಹಿತಿ ಇರುವ ಕಂಪ್ಯೂಟರುಗಳು ಮುಂಬೈಯಲ್ಲೋ ಅಮೆರಿಕದಲ್ಲೋ ಇರಬಹುದು. ಇದಕ್ಕೆ ‘ಕ್ಲೌಡ್ ಡೇಟಾ ವೇರ್‌ಹೌಸ್’ ಎಂದು ಹೆಸರು. 2012ರಲ್ಲಿ ಆರಂಭವಾದ ಸ್ನೋಫ್ಲೇಕ್ ಇಂಥ ಉಗ್ರಾಣವನ್ನು ಬಾಡಿಗೆಗೆ ಕೊಡುವ ಸಂಸ್ಥೆಗಳಲ್ಲಿ ಒಂದು. ಯಾರು ಒಳಗೆ ಬರಬಹುದು ಎಂದು ನೋಡಿಕೊಳ್ಳುವ ಸೋದರಮಾವನ ಕೆಲಸವನ್ನು ಇನ್ನೊಂದು ಸಂಸ್ಥೆಗೆ ವಹಿಸುವ ರೂಢಿಯೂ ಬೆಳೆದಿದೆ. 2009ರಲ್ಲಿ ಹುಟ್ಟಿದ ಓಕ್ಟಾ ಅಂಥ ಒಂದು ಸಂಸ್ಥೆ. ಉಗ್ರಾಣ ಒಬ್ಬರದು, ಕಾವಲು ಇನ್ನೊಬ್ಬರದು. ಇವೆರಡನ್ನೂ ಜೋಡಿಸುವವರು ಯಾರು?

ಮರ್ಫಿ ಟೌನ್‌ನ ಹುಡುಗಿಯೊಬ್ಬಳ ಪಾಲಿಗೆ ಮೊದಲ ನೌಕರಿಯಲ್ಲೇ ಈ ಕೆಲಸ ಬಂತು. ಹಲಸೂರಿಗೆ ಅಂಟಿಕೊಂಡ ಮರ್ಫಿ ಟೌನ್ ದಂಡಿನ ಹಳೆಯ ಬಡಾವಣೆ. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಕಿವಿಗೆ ಬೀಳುವ ಜಾಗ. ಅಲ್ಲಿಂದ ಇಂದಿರಾನಗರದ ಕಚೇರಿಗೆ ಅವಳು ನಡೆದೇ ಹೋಗುತ್ತಿದ್ದಳು. ಶಾಲಾ ಮಕ್ಕಳಿಗೆ ಪಾಠ ಹೇಳಿಕೊಡುವ ಕಂಪನಿ ಅದು. ಅದರ ಉಗ್ರಾಣದಲ್ಲಿ ಮಕ್ಕಳ ಹೆಸರು, ಅಂಕ, ಹೆತ್ತವರ ಫೋನ್ ನಂಬರು, ಯಾರು ಫೀಸು ಬಾಕಿ ಉಳಿಸಿಕೊಂಡಿದ್ದಾರೆ ಎಂಬ ಪಟ್ಟಿ ಎಲ್ಲವೂ ಇದ್ದವು. ಅವಳಿನ್ನೂ ಪ್ರೊಬೇಷನ್‌ನಲ್ಲಿದ್ದಳು. ದೊಡ್ಡ ಶಾಲೆಯೊಂದರ ಜೊತೆ ಒಪ್ಪಂದಕ್ಕೆ ಸಹಿ ಬೀಳುವ ಮುನ್ನ ಜೋಡಣೆ ಮುಗಿಯಬೇಕೆಂದು ಮ್ಯಾನೇಜರರ ಅಪ್ಪಣೆ.

ಕೆಲಸದಲ್ಲಿ ಮೂರು ಹಂತಗಳಿದ್ದವು. ಮೊದಲನೆಯದು ಹೆಬ್ಬಾಗಿಲು. ನೌಕರ ಉಗ್ರಾಣಕ್ಕೆ ನೇರವಾಗಿ ಹೋಗದೆ ಕಾವಲುಗಾರನ ಬಳಿ ಬರುತ್ತಾನೆ. ಪಾಸ್‌ವರ್ಡ್ ಹೇಳಿ, ಫೋನಿನಲ್ಲಿ ಎರಡನೆಯ ಪರೀಕ್ಷೆಯನ್ನೂ ದಾಟುತ್ತಾನೆ. ಕಾವಲುಗಾರ ‘ಇವನು ಇಂಥವನೇ ಹೌದು’ ಎಂದು ಮೊಹರು ಒತ್ತಿದ ಚೀಟಿ ಕೊಡುತ್ತಾನೆ. ಆ ಮೊಹರಿನ ಗುರುತನ್ನು ಉಗ್ರಾಣಕ್ಕೆ ಮೊದಲೇ ಕೊಟ್ಟಿರುವುದರಿಂದ ಅದು ಹೋಲಿಸಿ ನೋಡಿ ಬಾಗಿಲು ತೆರೆಯುತ್ತದೆ. ಎರಡನೆಯದು ಹಾಜರಿ ಪಟ್ಟಿ. ಹೊಸಬರು ಸೇರಿದಾಗ, ಹಳಬರು ಬಿಟ್ಟಾಗ ಕಾವಲುಗಾರನ ಪಟ್ಟಿಯಲ್ಲಾಗುವ ಬದಲಾವಣೆ ಉಗ್ರಾಣದ ಪಟ್ಟಿಯಲ್ಲೂ ತಾನಾಗಿ ಆಗಬೇಕು. ಮೂರನೆಯದು ಅಧಿಕಾರ. ಒಳಗೆ ಬಂದವನು ಯಾವ ಕಪಾಟು ತೆರೆಯಬಹುದು ಎಂಬುದನ್ನು ಉಗ್ರಾಣವೇ ನೋಡಿಕೊಳ್ಳಬೇಕು. ಪಾಠ ತಯಾರಿಸುವವರಿಗೆ ಅಂಕ ಕಾಣಲಿ, ಫೋನ್ ನಂಬರು ಮರೆಯಾಗಿರಲಿ. ಫೀಸಿನವರಿಗೆ ಬಾಕಿ ಕಾಣಲಿ, ಅಂಕ ಬೇಡ.

ಹತ್ತು ದಿನಗಳಲ್ಲಿ ಮೂರೂ ಆದವು. ಹೊಸ ಹೆಸರೊಂದನ್ನು ಸೇರಿಸಿ ನೋಡಿದಳು, ಉಗ್ರಾಣದಲ್ಲಿ ಕಾಣಿಸಿತು. ತೆಗೆದಳು, ಬಾಗಿಲು ಮುಚ್ಚಿತು. ಮನೆಯಲ್ಲಿ ಊಟಕ್ಕೆ ಕುಳಿತಾಗ ಸಂತೋಷದಿಂದ ಅಪ್ಪನಿಗೆ ಹೇಳಿದಳು. ಅಪ್ಪ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಇಂಡೆಂಟು, ಗೇಟ್ ಪಾಸುಗಳ ನಡುವೆಯೇ ಕೂದಲು ನರೆಸಿಕೊಂಡು ನಿವೃತ್ತರಾದವರು. ಕಂಪ್ಯೂಟರ್ ಅವರಿಗೆ ಅಷ್ಟಕ್ಕಷ್ಟೆ.

‘ಹೊಸಬರದ್ದು ಸರಿಯಮ್ಮ, ನೀನು ಸೇರೋಕೆ ಮುಂಚೆ ಕೈ ತಗೊಂಡಿದ್ದವರು?’ ಎಂದರು.

‘ಅವರೂ ಪಟ್ಟಿಯಲ್ಲಿ ಇರ್ತಾರಪ್ಪ.’

‘ಇರ್ತಾರೆ ಅನ್ನೋದು ಬೇರೆ, ನೋಡಿದೆ ಅನ್ನೋದು ಬೇರೆ. ನಮ್ಮಲ್ಲಿ ಕೆಲಸ ಬಿಟ್ಟವನು ಸ್ಟೋರ್ಸ್‌ಗೆ ಬಂದು ನೋ ಡ್ಯೂ ಸಹಿ ಹಾಕಿಸ್ಕೊಳ್ಳದೆ ಲೆಕ್ಕ ಚುಕ್ತಾ ಆಗ್ತಿರಲಿಲ್ಲ.’

ಮರುದಿನ ಅವಳು ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕುಳಿತಳು. ಕೆಲವು ತಿಂಗಳ ಹಿಂದೆ ಕೆಲಸ ಬಿಟ್ಟವನೊಬ್ಬನ ಹೆಸರು ಕಾವಲುಗಾರನ ಪಟ್ಟಿಯಲ್ಲಿ ಇರಲಿಲ್ಲ, ಉಗ್ರಾಣದಲ್ಲಿ ಜೀವಂತವಾಗಿತ್ತು! ಕಾರಣ ಹುಡುಕಿದಾಗ ಸಿಕ್ಕಿದ್ದು ಸರಳ ಸಂಗತಿ. ಸ್ನೋಫ್ಲೇಕ್‌ನಲ್ಲಿ ಪ್ರತಿ ಬಳಕೆದಾರನಿಗೂ ಒಬ್ಬ ‘ಒಡೆಯ’ ಇರುತ್ತಾನೆ. ಜೋಡಣೆಯ ಮೂಲಕ ಬಂದ ಹೆಸರುಗಳಿಗೆ ಕಾವಲುಗಾರನ ಪಾತ್ರವೇ ಒಡೆಯ. ಹಿಂದೆ ಕೈಯಾರೆ ಸೇರಿಸಿದ ಹೆಸರುಗಳ ಒಡೆತನವನ್ನು ಆ ಪಾತ್ರಕ್ಕೆ ವರ್ಗಾಯಿಸದಿದ್ದರೆ ಅವು ಅದರ ಕೈಗೆ ಸಿಗುವುದಿಲ್ಲ. ಸಾಲದೆಂಬಂತೆ, ಹೆಬ್ಬಾಗಿಲು ಕಟ್ಟಿದ ಮಾತ್ರಕ್ಕೆ ಹಿತ್ತಿಲ ಬಾಗಿಲು ಮುಚ್ಚುವುದಿಲ್ಲ. ಉಗ್ರಾಣದಲ್ಲೇ ಇರುವ ಹಳೆಯ ಪಾಸ್‌ವರ್ಡನ್ನು ಅಳಿಸುವವರೆಗೆ ಅದು ನಡೆಯುತ್ತಲೇ ಇರುತ್ತದೆ.

ಹಿತ್ತಿಲ ಬಾಗಿಲಿನಿಂದ ಏನಾಗಬಹುದೆಂದು 2024ರಲ್ಲಿ ಜಗತ್ತೇ ನೋಡಿತು. ಸ್ನೋಫ್ಲೇಕ್‌ನ ಗ್ರಾಹಕ ಸಂಸ್ಥೆಗಳ ಉಗ್ರಾಣಗಳಿಗೆ ಕಳ್ಳರು ನುಗ್ಗಿದರು. ಸುಮಾರು 165 ಸಂಸ್ಥೆಗಳಿಗೆ ಎಚ್ಚರಿಕೆ ನೀಡಲಾಗಿದೆ ಎಂದು ತನಿಖೆ ನಡೆಸಿದ ಮ್ಯಾಂಡಿಯಂಟ್ ಸಂಸ್ಥೆ ಆ ವರ್ಷದ ಜೂನ್‌ನಲ್ಲಿ ತಿಳಿಸಿತು. ಕಳ್ಳರು ಉಗ್ರಾಣದ ಗೋಡೆ ಒಡೆದಿರಲಿಲ್ಲ. ಯಾರದೋ ಕಂಪ್ಯೂಟರಿಗೆ ಹೊಕ್ಕ ಕಳ್ಳ ತಂತ್ರಾಂಶ ಕದ್ದ ಪಾಸ್‌ವರ್ಡುಗಳೇ ಅವರ ಬೀಗದ ಕೈ. ಅವುಗಳಲ್ಲಿ ಕೆಲವು 2020ರಷ್ಟು ಹಳೆಯವು. ಕಳ್ಳರು ಹೊಕ್ಕ ಖಾತೆಗಳಿಗೆ ಎರಡನೆಯ ಪರೀಕ್ಷೆಯೂ ಇರಲಿಲ್ಲ.

ಹುಡುಗಿಯ ಎದೆ ಹೊಡೆದುಕೊಂಡಿತು. ಉಗ್ರಾಣಕ್ಕೆ ಯಾರು ಯಾವಾಗ ಬಂದರೆಂಬ ದಾಖಲೆ ಒಂದು ವರ್ಷದವರೆಗೆ ಉಳಿದಿರುತ್ತದೆ. ಅದನ್ನು ತೆಗೆದು ಸಾಲುಸಾಲಾಗಿ ಓದಿದಳು. ಕೆಲಸ ಬಿಟ್ಟ ಮೇಲೆ ಆತ ಒಮ್ಮೆಯೂ ಬಂದಿರಲಿಲ್ಲ. ಪುಣ್ಯ! ಆದರೆ ಇನ್ನೂ ಎಷ್ಟು ಹಳೆಯ ಹೆಸರುಗಳಿವೆಯೋ, ಎಲ್ಲವನ್ನೂ ನೋಡಬೇಕಿತ್ತು. ಒಪ್ಪಂದದ ಸಹಿಗೆ ಉಳಿದದ್ದು ಎರಡೇ ದಿನ. ‘ಮುಗಿದಿದೆ’ ಎಂದು ಬರೆದರೆ ಕೇಳುವವರು ಯಾರೂ ಇರಲಿಲ್ಲ.

ಅವಳು ‘ಮುಗಿದಿಲ್ಲ’ ಎಂದು ಬರೆದಳು, ಕಾರಣವನ್ನೂ ಬರೆದಳು. ಮ್ಯಾನೇಜರರ ಮುಖ ಗಂಟಿಕ್ಕಿತು. ‘ಹೊಸಬರಿಗೆ ಅನುಮಾನ ಜಾಸ್ತಿ’ ಎಂಬ ಮಾತೂ ಬಂತು. ಸಹಿ ಒಂದು ವಾರ ಮುಂದೆ ಹೋಯಿತು. ಆ ವಾರದಲ್ಲಿ ಹಳೆಯ ಹೆಸರುಗಳ ಒಡೆತನ ವರ್ಗಾಯಿಸಿದಳು, ಪಾಸ್‌ವರ್ಡುಗಳನ್ನು ಅಳಿಸಿದಳು. ರಾತ್ರಿ ಹೊತ್ತು ಮಾಹಿತಿ ತುಂಬುವ ಪ್ರೋಗ್ರಾಮಿಗೆ ಕೈಯಲ್ಲಿ ಫೋನ್ ಇರುವುದಿಲ್ಲವಲ್ಲ, ಅದಕ್ಕೆ ಬೇರೆಯೇ ಗುಪ್ತಕೀಲಿ ಕೊಟ್ಟಳು. ಕಾವಲುಗಾರನೇ ಕೆಟ್ಟು ನಿಂತ ದಿನಕ್ಕೆಂದು ಒಂದೇ ಒಂದು ತುರ್ತು ಖಾತೆಯನ್ನು ಉಳಿಸಿ, ಅದಕ್ಕೂ ಎರಡನೆಯ ಪರೀಕ್ಷೆ ಇಟ್ಟು, ಅದರ ವಿವರವನ್ನು ಲಕೋಟೆಗೆ ಹಾಕಿ ಮೇಲಧಿಕಾರಿಗಳ ತಿಜೋರಿಗೆ ಸೇರಿಸಿದಳು.

ಒಂದು ಫೋನ್ ನಂಬರಿಗೆ ಇಷ್ಟೆಲ್ಲ ಏಕೆ ಎನ್ನಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆಗೆ ಹೆಸರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅವರು ಅರ್ಜಿ ಹಾಕಿದಾಗ ವಯಸ್ಸು ಎಂಬತ್ತು ದಾಟಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಮಾಹಿತಿಗೆ ತಕ್ಕ ರಕ್ಷಣೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಮಕ್ಕಳನ್ನು ಟ್ಯೂಷನ್ನಿಗೆ ಸೇರಿಸುವಾಗ ಹೆತ್ತವರು ಫೀಸು ಕೇಳುತ್ತಾರೆ, ಫಲಿತಾಂಶ ಕೇಳುತ್ತಾರೆ. ‘ನಮ್ಮ ವಿವರ ಯಾರ್ಯಾರು ನೋಡುತ್ತಾರೆ? ಅವರು ಕೆಲಸ ಬಿಟ್ಟ ಮೇಲೆ?’ ಎಂದೂ ಒಂದು ಮಾತು ಕೇಳಿದರೆ ತಪ್ಪೇನಿಲ್ಲ. ಈ ವಿದ್ಯೆ ಕಲಿಯಬಯಸುವ ವಿದ್ಯಾರ್ಥಿಗಳು ಸೇರಿಸುವುದನ್ನು ಕಲಿತ ದಿನವೇ ತೆಗೆದುಹಾಕುವುದನ್ನೂ ಕಲಿಯಬೇಕು. ಹೆಸರು ಸೇರದಿದ್ದರೆ ನೌಕರನೇ ಬಂದು ದೂರುತ್ತಾನೆ. ಹೆಸರು ಅಳಿಯದಿದ್ದರೆ ದೂರುವವರು ಯಾರೂ ಇಲ್ಲ.

ಎರಡು ಪಟ್ಟಿಗಳನ್ನು ಬೆಸೆಯುವ ಗುಪ್ತ ಸಂಕೇತಕ್ಕೆ ಸ್ನೋಫ್ಲೇಕ್ ಆರು ತಿಂಗಳ ಆಯುಸ್ಸು ಕೊಡುತ್ತದೆ. ಅದು ತೀರಿದರೆ ನೌಕರರ ಬಾಗಿಲು ಎಂದಿನಂತೆ ತೆರೆಯುತ್ತಿರುತ್ತದೆ, ಆದರೆ ಬಿಟ್ಟು ಹೋದವರ ಸುದ್ದಿ ಮಾತ್ರ ಉಗ್ರಾಣಕ್ಕೆ ತಲುಪುವುದಿಲ್ಲ. ಕೆಲಸ ಮುಗಿದ ಸಂಜೆ ಹುಡುಗಿ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಐದು ತಿಂಗಳಾಚೆಯ ಒಂದು ಸೋಮವಾರಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದಳು. ಏನೆಂದು ಅಮ್ಮ ಕೇಳಿದರು. ಅಪ್ಪ ಕನ್ನಡಕ ಏರಿಸಿ ನೋಡಿ, ‘ಬೀಗಕ್ಕೆ ಎಣ್ಣೆ ಹಾಕೋ ದಿನ’ ಎಂದರು.